ಏರ್ ಬೆಡ್ ಕೊಟ್ಟರಷ್ಟೇ ಸಾಲದು

ಮಾನ್ಯ ಸಂಪಾದಕರೇ,

ಕಾಸರಗೋಡು ಜಿಲ್ಲೆಯ ಎಣ್ಮಕಜೆ, ಬೆಳ್ಳೂರು, ಕುಂಬ್ಡಾಜೆ ಭಾಗದಲ್ಲಿ ಎಂಡೋಸಲ್ಫಾನ್ ಕೀಟನಾಶಕ ಪೀಡಿತರು, ಲಕ್ವ ಹೊಡೆದವರು, ಸೊಂಟ ಮುರಿದ ವೃದ್ಧರು ಎಂದು ಹಾಸಿಗೆ ಹಿಡಿದವರ ಮನೆಗಳಿಗೆ ಸಂಘ ಸಂಸ್ಥೆಗಳು ಏರ್ ಬೆಡ್ (ಒಂದೇ ಕಡೆ ಒತ್ತಡ ಬಿದ್ದು ಮೈ ಹುಣ್ಣಾಗದಂತೆ ಪಂಪಿನಿಂದ ಗಾಳಿ ಏರಿಳಿಯುವ ಹಾಸಿಗೆ) ಕೊಡುತ್ತಿರುವುದು ಒಳ್ಳೆಯ ಕೆಲಸವೇ. ಹಸ್ತಾಂತರದ ಫೋಟೋ ತಮ್ಮ ಪತ್ರಿಕೆಯಲ್ಲೂ ಬರುತ್ತದೆ. ಆಮೇಲೆ ಅದು ಸರಿಯಾಗಿ ಕೆಲಸ ಮಾಡುತ್ತಿದೆಯೇ ಎಂದು ನೋಡಲು ಹೋಗುವವರೇ ಕಡಿಮೆ.

ಹಲವು ಮನೆಗಳಲ್ಲಿ ಬೆಡ್ ಮೇಲೆ ರೆಕ್ಸಿನ್, ಅದರ ಮೇಲೆ ಕಂಬಳಿ, ಮತ್ತೊಂದು ಬೆಡ್‌ಶೀಟ್ ಹಾಸಿರುತ್ತಾರೆ. ಹೀಗೆ ಮಾಡಿದರೆ ಗಾಳಿಯ ಏರಿಳಿತ ಮೈಗೆ ತಾಗುವುದೇ ಇಲ್ಲ, ಬೆವರು ಮಾತ್ರ ನಿಲ್ಲುತ್ತದೆ. ತೆಳು ಹತ್ತಿ ಬಟ್ಟೆ ಒಂದೇ ಸಾಕು, ಅದನ್ನೂ ಬಿಗಿದು ಸಿಕ್ಕಿಸಬಾರದು. ಕರೆಂಟು ಬಿಲ್ಲಿಗೆ ಹೆದರಿ ರಾತ್ರಿ ಪಂಪ್ ಆಫ್ ಮಾಡುವವರೂ ಇದ್ದಾರೆ. ಅದು ಎಳೆಯುವುದು ಸಣ್ಣ ಎಲ್‌ಇಡಿ ಬಲ್ಬಿನಷ್ಟು. ಮಂಚಕ್ಕೂ ಗೋಡೆಗೂ ನಡುವೆ ಟ್ಯೂಬ್ ಸಿಕ್ಕಿ ಮಡಚಿದರೆ ಪಂಪ್ ಗುಂಯ್‌ಗುಡುತ್ತಿದ್ದರೂ ಗಾಳಿ ಹೋಗುವುದಿಲ್ಲ. ಪರೀಕ್ಷೆ ಸುಲಭ: ರೋಗಿಯ ಸೊಂಟದ ನೇರಕ್ಕೆ ಬೆಡ್‌ನ ಅಡಿಗೆ ಅಂಗೈ ತೂರಿಸಿ. ಎಲುಬು ಕೈಗೆ ಒತ್ತಿದರೆ ಗಾಳಿ ಸಾಲದು.

ಬೆಡ್ ಇದ್ದರೂ ಸುಮಾರು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಲೇಬೇಕು. ಬೆನ್ನಿಗೊಂದು ದಿಂಬು, ಮೊಣಕಾಲುಗಳ ನಡುವೆ ಇನ್ನೊಂದು. ಅಂಗಾತ ಮಲಗಿಸಿದಾಗ ಮೀನಖಂಡದ ಅಡಿಗೆ ದಿಂಬಿಟ್ಟು ಹಿಮ್ಮಡಿ ಹಾಸಿಗೆಗೆ ತಾಗದಂತೆ ನೋಡಬೇಕು. ಕೆಂಪಾದ ಜಾಗವನ್ನು ಬೆರಳಿನಿಂದ ಒತ್ತಿ ಬಿಟ್ಟಾಗ ಬಿಳಿಚದಿದ್ದರೆ ಹುಣ್ಣು ಶುರುವಾಗಿದೆ ಎಂದೇ ಅರ್ಥ. ನಮ್ಮ ಕಪ್ಪು ಮೈಬಣ್ಣದಲ್ಲಿ ಕೆಂಪು ಕಾಣದು, ಬಿಸಿ ಇದೆಯೇ, ಗಟ್ಟಿಯಾಗಿದೆಯೇ ಎಂದು ಮುಟ್ಟಿಯೇ ನೋಡಬೇಕು. ಅಲ್ಲಿಗೆ ಎಣ್ಣೆ ಹಚ್ಚಿ ತಿಕ್ಕುವುದು ಹಳೆಯ ರೂಢಿ; ಒಳಗಿನ ಮಾಂಸ ಇನ್ನಷ್ಟು ಹಾಳಾಗುತ್ತದೆ.

ವಾಸಿಯಾಗದ ಕಾಯಿಲೆಯವರ ನೋವು ತಗ್ಗಿಸುವ ಸಾಂತ್ವನ ಆರೈಕೆಗೆ (ಪಾಲಿಯೇಟಿವ್ ಕೇರ್) 2008ರಲ್ಲೇ ನೀತಿ ರೂಪಿಸಿದ ರಾಜ್ಯ ಕೇರಳ. ಪಂಚಾಯತಿನ ಪಾಲಿಯೇಟಿವ್ ನರ್ಸ್ ಮನೆಮನೆಗೆ ಬರುತ್ತಾರೆ ನಿಜ, ಆದರೆ ಒಬ್ಬರು ದಿನಾ ಎಷ್ಟು ಮನೆಗೆಂದು ಹೋದಾರು? ಅವರು ಮಲಯಾಳದಲ್ಲಿ ಹೇಳಿದ್ದಕ್ಕೆ ತುಳು, ಕನ್ನಡ ಮಾತ್ರ ಬಲ್ಲ ಅಜ್ಜಿಯಂದಿರು ತಲೆಯಾಡಿಸುತ್ತಾರೆ ಅಷ್ಟೆ. ಮಲಯಾಳವನ್ನೂ ಈ ಅಜ್ಜಿಯಂದಿರ ಭಾಷೆಯನ್ನೂ ಬಲ್ಲವರು ವಾರ್ಡಿಗೆ ಇಬ್ಬರಂತೆ ಸಿಕ್ಕಿ, ವಾರಕ್ಕೆ ಅರ್ಧ ಗಂಟೆ ಒಂದೊಂದು ಮನೆಯಲ್ಲಿ ಕಳೆದರೆ ಮೇಲೆ ಹೇಳಿದ ಮುಕ್ಕಾಲು ತೊಂದರೆ ಅಲ್ಲೇ ಪರಿಹಾರ. ಹಣ್ಣು, ಬ್ರೆಡ್ಡು ಹಿಡಿದು ಹೋಗುವುದಕ್ಕಿಂತ ಇದು ಉಪಕಾರ.

ದಾನಿಗಳಲ್ಲಿ ಒಂದು ವಿನಂತಿ. ಬೆಡ್ ಜೊತೆ ಹೆಚ್ಚುವರಿ ಟ್ಯೂಬ್, ಪಂಕ್ಚರ್ ಪ್ಯಾಚ್ ಕೊಡಿ. ನರ್ಸ್‌ನ ನಂಬರನ್ನು ಪಂಪಿನ ಮೇಲೆಯೇ ಬರೆಸಿ. ರೋಗಿ ತೀರಿಕೊಂಡ ಬಳಿಕ ಬೆಡ್ ವಾಪಸ್ ಪಡೆಯುವಾಗ ಸಾಬೂನು ನೀರಿನಲ್ಲಿ ಒರೆಸಿ, ನೆರಳಿನಲ್ಲಿ ಪೂರ್ತಿ ಒಣಗಿಸಿಯೇ ಮಡಚಿರಿ. ಒದ್ದೆಯಲ್ಲಿ ಮಡಚಿಟ್ಟರೆ ಮಳೆಗಾಲದಲ್ಲಿ ಬೂಸಲು ಹಿಡಿದು ಇನ್ನೊಬ್ಬರಿಗೆ ಕೊಡುವಂತಿರುವುದಿಲ್ಲ.

– ಸಾಂತ್ವನ ಆರೈಕೆ ಕಾರ್ಯಕರ್ತರು, ಪೆರ್ಲ