ಬರ್ಲಿನ್‌ನಲ್ಲಿರುವ ಪುಟ್ಟಿಗೆ

ಪುಟ್ಟಿ,

ನಿನ್ನ ಮೆಸೇಜ್ ಓದಿದ ಮೇಲೆ ರಾತ್ರಿಯೆಲ್ಲ ನಿದ್ದೆ ಬರಲಿಲ್ಲ. ದೊಡ್ಡಮ್ಮ, ಕಾಲೇಜಲ್ಲಿ ಏನು ಡ್ರಾಯಿಂಗ್ ತೋರಿಸಿದರೂ ಇಲ್ಲಿಗೆ ಇದು ಆಗಲ್ಲ ಅಂತಾರೆ, ಆರ್ಕಿಟೆಕ್ಚರ್ ಓದು ಬಿಟ್ಟು ಬಂದುಬಿಡ್ತೀನಿ ಅಂತ ಬರೆದಿದ್ದೀಯ. ಬೇಡ ಅನ್ನಲ್ಲ. ಮನೆ ನಿನ್ನದೇ. ಆದರೆ ಟಿಕೆಟ್ ಮಾಡಿಸೋ ಮುಂಚೆ ಒಬ್ಬರ ವಿಷಯ ಹೇಳ್ತೀನಿ, ಕೇಳು.

ಕೃಷ್ಣರಾವ್ ಪಾರ್ಕಿನ ಮಂಟಪ ನೆನಪಿದೆ ಅಲ್ವಾ? ಸ್ಕೂಲ್ ಮುಗಿಸಿ ಬಂದು ಅಲ್ಲೇ ಆಡುತ್ತಿದ್ದೆ. ಅದರ ನಕ್ಷೆ ಮಾಡಿದವರು ಒಟ್ಟೊ ಕೋನಿಗ್ಸ್‌ಬರ್ಗರ್. 1908ರಲ್ಲಿ ನೀನೀಗ ಇರುವ ಊರಲ್ಲೇ ಹುಟ್ಟಿ, ಅಲ್ಲೇ ಆರ್ಕಿಟೆಕ್ಚರ್ ಓದಿದವರು. ಯಹೂದಿ. 1933ರಲ್ಲಿ ಹಿಟ್ಲರ್ ಬಂದ ಕೆಲವೇ ತಿಂಗಳಲ್ಲಿ ಯಹೂದಿಗಳನ್ನು ಸರ್ಕಾರಿ ಕೆಲಸದಿಂದ ತೆಗೆದುಹಾಕುವ ಕಾನೂನು ಬಂತು. ಇವರಿಗಾಗ ಬರೀ 24 ವರ್ಷ. ಕೆಲಸ ಹೋಯಿತು, ಊರು ಬಿಟ್ಟರು, ಈಜಿಪ್ಟಿನಲ್ಲಿ ಒಂದಷ್ಟು ವರ್ಷ ಹಳೇ ಕಟ್ಟಡಗಳ ಅಧ್ಯಯನ ಮಾಡಿಕೊಂಡಿದ್ದರು. 1939ರಲ್ಲಿ ದಿವಾನ್ ಮಿರ್ಜಾ ಇಸ್ಮಾಯಿಲರ ಕಾಲದಲ್ಲಿ ಮೈಸೂರು ಸಂಸ್ಥಾನದ ಕೆಲಸಕ್ಕೆ ಬೆಂಗಳೂರಿಗೆ ಬಂದರು.

ಅದೇ ವರ್ಷ ಯುದ್ಧ ಶುರುವಾಯಿತು. ಬ್ರಿಟಿಷರು ಇಲ್ಲಿದ್ದ ಜರ್ಮನರನ್ನು ಹಿಡಿದು ಕ್ಯಾಂಪಿಗೆ ಹಾಕಿದಾಗ, ಹಿಟ್ಲರನಿಂದ ತಪ್ಪಿಸಿಕೊಂಡು ಬಂದಿದ್ದ ಯಹೂದಿಗಳೂ ಅದರಲ್ಲಿ ಸಿಕ್ಕಿಕೊಂಡರು. 1941ರಲ್ಲಿ ಜರ್ಮನಿ, ಹೊರಗಿದ್ದ ಯಹೂದಿಗಳ ಪೌರತ್ವವನ್ನೇ ಕಿತ್ತುಕೊಂಡಿತು. ನೀನು ಬೇಜಾರಾದರೆ ವಿಮಾನ ಹತ್ತಬಹುದು ಪುಟ್ಟಿ. ಅವರು ಹತ್ತಿ ಎಲ್ಲಿಗೆ ಹೋಗಬೇಕಿತ್ತು?

ಅವರ ಸೋದರಮಾವ, ಭೌತವಿಜ್ಞಾನಿ ಮ್ಯಾಕ್ಸ್ ಬಾರ್ನ್ ಕೂಡ ಇಲ್ಲಿಗೆ ಬಂದಿದ್ದವರೇ. ಜರ್ಮನಿಯ ಗಾಟಿಂಗೆನ್‌ನಲ್ಲಿ ಕೆಲಸ ಕಳಕೊಂಡ ಮೇಲೆ ಸಿ.ವಿ. ರಾಮನ್ ಕರೆದರು ಅಂತ 1935ರಲ್ಲಿ ನಮ್ಮ ಟಾಟಾ ಇನ್‌ಸ್ಟಿಟ್ಯೂಟಿಗೆ, ಅಂದರೆ ಭಾರತೀಯ ವಿಜ್ಞಾನ ಸಂಸ್ಥೆಗೆ, ಬಂದರು. ಬಾರ್ನ್‌ರನ್ನು ಇಲ್ಲೇ ಉಳಿಸಿಕೊಳ್ಳಬೇಕು ಅಂತ ರಾಮನ್ ಹೇಳುತ್ತಿದ್ದರೆ, ಒಬ್ಬ ಇಂಗ್ಲಿಷ್ ಪ್ರೊಫೆಸರು ಸಭೆಯಲ್ಲಿ ಎದ್ದು ನಿಂತು, ಸ್ವಂತ ದೇಶದಿಂದಲೇ ಹೊರದಬ್ಬಿಸಿಕೊಂಡ ಎರಡನೇ ದರ್ಜೆಯ ಪರದೇಶಿ ನಮಗೆ ಸಾಲದು ಅಂದನಂತೆ. ಬಾರ್ನ್ ಮನೆಗೆ ಹೋಗಿ ಹೆಂಡತಿ ಎದುರು ಅತ್ತುಬಿಟ್ಟರು. ಆಮೇಲೆ ಎಡಿನ್‌ಬರಾಕ್ಕೆ ಹೋದರು, 1954ರಲ್ಲಿ ನೊಬೆಲ್ ಬಂತು. ನೀನೂ ಅಳು, ತಪ್ಪಿಲ್ಲ.

ಆದರೆ ಅವರ ಸೋದರಳಿಯ ಕೋನಿಗ್ಸ್‌ಬರ್ಗರ್ ಏನು ಮಾಡಿದರು ನೋಡು. ದಿವಾನರಿಗೆ ಗುಮ್ಮಟ, ಕಮಾನು ಅಂದರೆ ಇಷ್ಟ, ಇವರಿಗೆ ಸರಳ ಗೋಡೆ. ಜಗ್ಗಾಟ ಇದ್ದೇ ಇತ್ತು. ಬರ್ಲಿನ್‌ನಲ್ಲಿ ಸೂರ್ಯನನ್ನು ಮನೆಯೊಳಗೆ ಕರೆಯೋದು ಕಲಿತವರು, ಇಲ್ಲಿ ಅವನನ್ನು ಹೊರಗೇ ನಿಲ್ಲಿಸೋದನ್ನು ಮೊದಲಿಂದ ಕಲಿತರು. ಇನ್‌ಸ್ಟಿಟ್ಯೂಟಿನ ಏರೋನಾಟಿಕ್ಸ್ ಕಟ್ಟಡ, ಊಟದ ಹಾಲ್ ಎಲ್ಲ ಅವರದೇ. ಮುಂದೆ ಭುವನೇಶ್ವರಕ್ಕೆ ಪ್ಲಾನ್ ಮಾಡಿದರು. 1951ರಲ್ಲಿ ಲಂಡನ್ನಿಗೆ ಹೋದ ಮೇಲೆ, ಬಿಸಿಲ ದೇಶಗಳಲ್ಲಿ ಹೇಗೆ ಕಟ್ಟಬೇಕು ಅನ್ನೋದನ್ನೇ ಪಾಠ ಹೇಳಿದರು. ಅಂದರೆ ನಮ್ಮ ಬಿಸಿಲೇ ಅವರ ವಿದ್ಯೆ ಆಯಿತು!

ನೆನ್ನೆ ಮಧ್ಯಾಹ್ನ ತರಕಾರಿ ಚೀಲ ಹಿಡಕೊಂಡು ಆ ಮಂಟಪದಲ್ಲಿ ಸ್ವಲ್ಪ ಹೊತ್ತು ಕೂತಿದ್ದೆ. ಹೊರಗೆ ನೆಲ ಕಾದಿತ್ತು, ಒಳಗೆ ಕೈಯಿಟ್ಟರೆ ತಣ್ಣಗೆ.

ನಿನಗೂ ಅದನ್ನೇ ಹೇಳೋದು. ಆ ಊರು ನಿನ್ನನ್ನು ಒಪ್ಪಲಿ ಅಂತ ಕಾಯುತ್ತಾ ರೂಮಲ್ಲಿ ಕೂರಬೇಡ. ಅಲ್ಲಿನ ಚಳಿ ಹೇಗಿದೆ, ನಾಲ್ಕು ಗಂಟೆಗೇ ಕತ್ತಲಾದರೆ ಜನ ಏನು ಮಾಡುತ್ತಾರೆ, ಕಿಟಕಿ ಯಾವ ಕಡೆ ಇಡುತ್ತಾರೆ, ಯಾಕೆ, ಸುಮ್ನೆ ಸುತ್ತಾಡಿ ನೋಡು, ಕೇಳು, ಬರೆದುಕೋ. ಆಗಲ್ಲ ಅಂದವರನ್ನೇ ಯಾಕೆ ಆಗಲ್ಲ ಅಂತ ಕೇಳು. ನಿನ್ನ ಕ್ಲಾಸಲ್ಲಿ ಯುದ್ಧ ತಪ್ಪಿಸಿಕೊಂಡು ಬಂದ ಮಕ್ಕಳು ಯಾರಾದರೂ ಇದ್ದರೆ ಊಟಕ್ಕೆ ಕರಿ, ಚಿತ್ರಾನ್ನ ಮಾಡಿದರೂ ಸಾಕು.

ಅಲ್ಲಿ ಶಾರ್ಲೊಟ್ಟೆನ್‌ಬುರ್ಗ್‌ನಲ್ಲಿ ಕೋನಿಗ್ಸ್‌ಬರ್ಗರ್ ಓದಿದ ಕಾಲೇಜಿದೆ, ಈಗ ಅದು ಟೆಕ್ನಿಕಲ್ ಯೂನಿವರ್ಸಿಟಿ. ಈ ಭಾನುವಾರ ಅಲ್ಲಿಗೆ ಹೋಗಿ ಒಂದು ಫೋಟೊ ಕಳಿಸು. ನಾನು ಮಂಟಪದ್ದು ಕಳಿಸ್ತೀನಿ.

ನಿನ್ನ ದೊಡ್ಡಮ್ಮ