ಬೆಳಗಾವಿ ಉದ್ಯಮಬಾಗದ ಗೆಳೆಯನಿಗೆ: ಫೌಂಡ್ರಿಯಲ್ಲಿ ಹುಡುಗರು ಯಾಕೆ ನಿಲ್ಲುತ್ತಿಲ್ಲ?

ಪ್ರೀತಿಯ ಗೆಳೆಯಾ,

ನನ್ನ ಎರಕದ ಕಾರ್ಖಾನೆಯಲ್ಲಿ ಬಾಜೂದ ಫೌಂಡ್ರಿಯವರಷ್ಟೇ ಪಗಾರ ಕೊಡುತ್ತೇನೆ, ಖಂಡೇನವಮಿಗೆ ಬಟ್ಟೆ, ಸ್ವೀಟ್ ಬಾಕ್ಸ್ ಎಲ್ಲ ಕೊಟ್ಟೆ, ಆದರೂ ಹುಡುಗರು ಮೂರು ತಿಂಗಳಿಗೆ ಬಿಟ್ಟು ಹೋಗುತ್ತಾರೆ ಅಂತ ಬರೆದಿದ್ದೀ. ಹಬ್ಬದ ಉಡುಗೊರೆ ಒಂದು ದಿನದ್ದು. ಉಳಿದ ದಿನಗಳಲ್ಲಿ ಅವರಿಗೆ ಬೇಕಾದದ್ದು ಖಾತ್ರಿ. ಕೈಗೆ ಎಷ್ಟು ಬರುತ್ತದೆ, ಸೂಟಿ ಯಾವಾಗ, ಕೆಲಸ ಕೆಟ್ಟರೆ ಏನಾಗುತ್ತದೆ ಎಂಬುದು ಮೊದಲೇ ಗೊತ್ತಿರಬೇಕು.

ಪಗಾರ ಚೀಟಿಯಿಂದ ಶುರು ಮಾಡು. ಒಬ್ಬನಿಗೆ ತಿಂಗಳಿಗೆ 18,200 ರೂಪಾಯಿ ಅಂದುಕೋ. 26 ದಿನಕ್ಕೆ ಭಾಗಿಸಿದರೆ ದಿನಕ್ಕೆ 700, ತಾಸಿಗೆ 87.50. ಓವರ್‌ಟೈಮ್‌ಗೆ ಕಾಯ್ದೆಯ ಪ್ರಕಾರ ದುಪ್ಪಟ್ಟು, ಅಂದರೆ ತಾಸಿಗೆ 175. ತಿಂಗಳಲ್ಲಿ 20 ತಾಸು ಹೆಚ್ಚು ದುಡಿದವನಿಗೆ 3,500 ಸೇರಬೇಕು. ಸಾದಾ ದರ ಹಿಡಿದರೆ ಅವನ 1,750 ರೂಪಾಯಿ ನಿನ್ನಲ್ಲೇ ಉಳಿಯಿತು. ಅವನು ಬಾಯಿಬಿಟ್ಟು ಕೇಳಲಿಕ್ಕಿಲ್ಲ, ಆದರೆ ಮನೆಗೆ ಹೋಗಿ ಮೊಬೈಲಿನಲ್ಲಿ ಲೆಕ್ಕ ಹಾಕಿಯೇ ಹಾಕುತ್ತಾನೆ. ಈ ಲೆಕ್ಕವನ್ನೆಲ್ಲ ಚೀಟಿಯಲ್ಲಿ ಸಾಲು ಸಾಲಾಗಿ ಬರೆ. ಪಗಾರ ಏಳನೇ ತಾರೀಖು ದಾಟಿಸಬೇಡ.

ಇಎಸ್‌ಐ (ನೌಕರರ ರಾಜ್ಯ ವಿಮೆ) ಕಡಿತ ಅವರ ಪಾಲಿನದು ಶೇ. 0.75, ನಿನ್ನದು ಶೇ. 3.25. ಓವರ್‌ಟೈಮ್ ಇಲ್ಲದ ತಿಂಗಳು 18,200ಕ್ಕೆ ಹುಡುಗನಿಂದ ಹೋಗುವುದು 137 ರೂಪಾಯಿ. ಆ ದುಡ್ಡು ಎಲ್ಲಿ ಹೋಯಿತು ಅಂತ ಯಾರೂ ಹೇಳುವುದಿಲ್ಲ, ಹಾಗಾಗಿ ಅದು ಕಳ್ಳತನದಂತೆ ಕಾಣುತ್ತದೆ. ಕಾರ್ಡು ಮಾಡಿಸಿ ಕೈಗೆ ಕೊಡು. ಹೆಂಡತಿ ಮಕ್ಕಳ ಹೆಸರೂ ಅದರಲ್ಲಿ ಸೇರಿರಲಿ. ಜಡ್ಡಾಗಿ ಮಲಗಿದರೆ ವರ್ಷಕ್ಕೆ 91 ದಿನದವರೆಗೆ ಪಗಾರದ ಶೇ. 70 ಸಿಗುತ್ತದೆ, ಅದಕ್ಕೆ ವಂತಿಗೆ ಕಟ್ಟಿದ ದಿನಗಳು ಸಾಕಷ್ಟಿರಬೇಕು ಅಂತ ಕೂಡಿಸಿಕೊಂಡು ತಿಳಿಸು.

ಈಗ ಮುಖ್ಯ ಮಾತು. ಕಾಸ್ಟಿಂಗ್ (ಎರಕದ ಪೀಸು) ರಿಜೆಕ್ಟ್ ಆದರೆ ಮೋಲ್ಡರ್‌ನ, ಅಂದರೆ ಉಸುಕಿನ ಅಚ್ಚು ಮಾಡುವವನ ಪಗಾರ ಹಿಡಿಯುತ್ತೀರಿ ಅಂತ ಬರೆದಿದ್ದೀ. ಇದನ್ನು ಇವತ್ತೇ ನಿಲ್ಲಿಸು. ಬ್ಲೋ ಹೋಲ್, ಅಂದರೆ ಪೀಸಿನಲ್ಲಿ ಗಾಳಿಯ ತೂತು ಬಂತೆಂದರೆ ಬಹಳ ಸಲ ಅಚ್ಚಿನ ಉಸುಕಿನಲ್ಲಿ ತೇವ ಹೆಚ್ಚಾಗಿರುತ್ತದೆ, ಇಲ್ಲವೇ ಗಾಳಿ ಹೊರಹೋಗುವ ದಾರಿ ಮುಚ್ಚಿರುತ್ತದೆ. ಗ್ರೀನ್ ಸ್ಯಾಂಡ್‌ನಲ್ಲಿ (ಹಸಿ ಅಚ್ಚಿನ ಉಸುಕು) ತೇವ ಸಾಮಾನ್ಯವಾಗಿ ಶೇ. 3ರಿಂದ 4ರ ಆಸುಪಾಸು ಇರಬೇಕು. ಉಸುಕಿನ ಮಿಕ್ಸರ್‌ಗೆ ನೀರು ಬಿಡುವವನು ಬೇರೆ, ದಂಡ ತೆರುವವನು ಬೇರೆ. ದಂಡ ಬಿದ್ದವನು ಮುಂದಿನ ಸಲ ತೂತು ಕಂಡರೆ ಪುಟ್ಟಿ ತುಂಬಿ ಮುಂದೆ ತಳ್ಳುತ್ತಾನೆ. ಅದು ನಿನ್ನ ಗಿರಾಕಿಯ ಮಷಿನ್ ಮೇಲೆ ಟೂಲ್ ತಾಗಿದಾಗ ಬಯಲಾಗುತ್ತದೆ. ಅದರ ಬದಲು ಕೆಟ್ಟ ಪೀಸುಗಳನ್ನು ದಿನಾ ಸಂಜೆ ಒಂದು ಟೇಬಲ್ ಮೇಲೆ ಇಡು. ಸೀಮೆಸುಣ್ಣದಿಂದ ತೂತಿನ ಸುತ್ತ ಗೆರೆ ಎಳೆದು, ಪಾಳಿ ಮತ್ತು ಉಸುಕಿನ ತೇವದ ಅಂಕಿ ಬರೆ. ಹತ್ತು ನಿಮಿಷ ಮೋಲ್ಡರ್, ಮಿಕ್ಸರ್‌ನವ, ಸುಪರ್‌ವೈಸರ್ ಮೂವರೂ ನಿಂತು ನೋಡಲಿ. ಯಾರು ಮಾಡಿದ್ದು ಅಂತ ಕೇಳದೆ, ಹ್ಯಾಂಗ ಆತು ಅಂತಷ್ಟೇ ಕೇಳಬೇಕು. ಸುಪರ್‌ವೈಸರ್‌ನ ಬಾಯಲ್ಲಿ ಹೊಲಸು ಬೈಗುಳ ಬಂದರೆ ಅವನನ್ನು ಕ್ಯಾಬಿನ್ನಿಗೆ ಕರೆದು ನೀನೇ ಹೇಳು. ನಾಲ್ಕು ಜನರ ಮುಂದೆ ಬೈಸಿಕೊಂಡ ಹುಡುಗ ಮರುದಿನ ಬರುವುದಿಲ್ಲ.

ಭಟ್ಟಿ ಹತ್ತಿರದ ಸೆಕೆಯನ್ನು ಹಗುರಾಗಿ ತಗೋಬೇಡ. ಹೊಸಬನನ್ನು ಮೊದಲ ದಿನವೇ ಪಾಳಿಪೂರ್ತಿ ಅಲ್ಲಿ ನಿಲ್ಲಿಸಿದರೆ ತಲೆ ಸುತ್ತು, ವಾಂತಿ. ಮೊದಲ ದಿನ ಐದನೇ ಒಂದು ಭಾಗ ಹೊತ್ತು, ದಿನಕ್ಕೆ ಅಷ್ಟಷ್ಟೇ ಹೆಚ್ಚಿಸಿ ಐದನೇ ದಿನಕ್ಕೆ ಪೂರ್ತಿ, ಹಾಗೆ ದೇಹ ಒಗ್ಗುತ್ತದೆ. ಇಪ್ಪತ್ತು ನಿಮಿಷಕ್ಕೊಂದು ಲೋಟ ನೀರು, ಸುಮಾರು ಕಾಲು ಲೀಟರ್. ಎಂಟು ತಾಸಿಗೆ ಒಬ್ಬನಿಗೆ ಆರು ಲೀಟರ್ ಆಯಿತು. ಕುಡಿಯುವ ನೀರು ಆಫೀಸಿನ ಬಾಗಿಲಲ್ಲಿದ್ದರೆ ಲೋಹ ಸುರಿಯುವ ಕೆಲಸ ಬಿಟ್ಟು ಯಾರೂ ಅಷ್ಟು ದೂರ ಹೋಗುವುದಿಲ್ಲ, ಅದಕ್ಕೇ ನೀರಿನ ಜಾರ್ ಭಟ್ಟಿಯಿಂದ ಇಪ್ಪತ್ತು ಹೆಜ್ಜೆಯೊಳಗೆ, ನೆರಳಲ್ಲಿ, ಕಾದ ಲೋಹದ ದಾರಿ ಬಿಟ್ಟು ಇರಲಿ. ಮಧ್ಯಾಹ್ನ ಬುತ್ತಿ ಬಿಚ್ಚುವಾಗ ಉಪ್ಪು ಹಾಕಿದ ಮಜ್ಜಿಗೆ ಕೊಡು, ಖರ್ಚು ದೊಡ್ಡದಲ್ಲ.

ಪಾಳಿ ಬದಲಿಸುವಾಗ ಮುಂದಕ್ಕೆ ತಿರುಗಿಸು: ಮುಂಜಾನೆ, ಮಧ್ಯಾಹ್ನ, ರಾತ್ರಿ. ಹಿಂದಕ್ಕೆ ತಿರುಗಿಸಿದರೆ ರಾತ್ರಿ ಹತ್ತಕ್ಕೆ ಬಿಟ್ಟ ಖಾನಾಪುರದ ಹುಡುಗ ಮುಂಜಾನೆ ಆರಕ್ಕೆ ಮತ್ತೆ ಮಷಿನ್ ಮುಂದೆ ಇರಬೇಕಾಗುತ್ತದೆ. ಹೋಗಿಬರುವ, ಉಣ್ಣುವ ಹೊತ್ತು ಕಳೆದರೆ ಅವನ ಪಾಲಿಗೆ ಐದು ತಾಸು ನಿದ್ದೆಯೂ ಉಳಿಯುವುದಿಲ್ಲ. ಬದಲಾವಣೆ ವಾರದ ಸೂಟಿಯ ಮರುದಿನವೇ ಬರಲಿ. ಪಟ್ಟಿಯನ್ನು ಎರಡು ವಾರ ಮೊದಲೇ ಕನ್ನಡ, ಮರಾಠಿ ಎರಡರಲ್ಲೂ ಹಚ್ಚು.

ಸೂಟಿಯ ತಕರಾರಿಗೆ ಒಂದೇ ಉಪಾಯ. ಜನವರಿಯಲ್ಲಿ ದೊಡ್ಡ ಕ್ಯಾಲೆಂಡರ್ ತೂಗುಹಾಕಿ ಪ್ರತಿಯೊಬ್ಬನಿಂದ ತನ್ನೂರಿನ ಜಾತ್ರೆ, ಬಿತ್ತನೆ, ಮನೆಯ ಲಗ್ನದ ತಾರೀಖು ಬರೆಸು. ಭರತ ಹುಣ್ಣಿಮೆಗೆ ಸವದತ್ತಿ ಯಲ್ಲಮ್ಮನ ಗುಡ್ಡಕ್ಕೆ ಹೋಗುವವನು ಹೋಗಿಯೇ ಹೋಗುತ್ತಾನೆ. ನೀ ಬಿಡದಿದ್ದರೆ ಹೇಳದೆ ಹೋಗುತ್ತಾನೆ, ವ್ಯತ್ಯಾಸ ಅಷ್ಟೇ. ಒಂದು ವಿಭಾಗದಿಂದ ಒಮ್ಮೆಗೆ ಇಬ್ಬರಿಗಿಂತ ಹೆಚ್ಚಿಲ್ಲ ಅಂತ ಅವರೇ ತಮ್ಮಲ್ಲಿ ಹೊಂದಿಸಿಕೊಳ್ಳಲಿ. ಗಣೇಶ ವಿಸರ್ಜನೆಯ ರಾತ್ರಿ ಮತ್ತು ಮರುದಿನ ಮುಂಜಾನೆಯ ಪಾಳಿಗೆ ಡಿಸ್ಪ್ಯಾಚ್ ಇಟ್ಟುಕೊಳ್ಳಲೇಬೇಡ.

ಎಲ್ಲ ಒಮ್ಮೆಗೇ ಆಗುವುದಿಲ್ಲ, ಗೊತ್ತು. ದಂಡ ನಿಲ್ಲಿಸಲು, ನೀರಿನ ಜಾರ್ ಸರಿಸಲು ಒಂದು ದಿನ ಸಾಕು. ಚೀಟಿಯ ನಮೂನೆ ಇದರ ಜೊತೆಗಿದೆ, ಮೊದಲು ಒಬ್ಬ ಮೋಲ್ಡರ್‌ನ ಕೈಗೆ ಕೊಟ್ಟು ಓದಿಸು. ಯಾವ ಸಾಲು ಅವನಿಗೆ ತಿಳಿಯಲಿಲ್ಲ ಅಂತ ನನಗೆ ಬರೆ.

ನಿನ್ನ
ಗೆಳೆಯ