ತೆರಿಗೆ ಅಂತ ನಿನಗೆ ಹೇಳುತ್ತಿದ್ದೆನಲ್ಲ

ಪ್ರೀತಿಯ ಗೆಳೆಯಾ,

ಇಲ್ಲಿ ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನ ಮನೆ ಮಾರಿ ಮಗಳಿರುವ ಫೋಲ್ಸಮ್ ಊರಿಗೆ ಯಾಕೆ ಹೋಗಿಲ್ಲ ಅಂತ ನೀನು ಫೋನ್ ಮಾಡಿದಾಗಲೆಲ್ಲ ಕೇಳುತ್ತೀಯ. 'ತೆರಿಗೆ ಕಣೋ' ಅಂದು ನಾನು ಮಾತು ಬದಲಾಯಿಸುತ್ತೇನೆ. ಮೈಸೂರಿನಲ್ಲಿ ಕೂತ ನಿನಗೆ ಅದು ವಿಚಿತ್ರ ಅನಿಸಿರಬೇಕು. ಇವತ್ತು ಸರಿಯಾಗಿ ಹೇಳುತ್ತೇನೆ.

ಕ್ಯಾಲಿಫೋರ್ನಿಯಾದಲ್ಲಿ 1978ರಲ್ಲಿ ಜನರೇ ಮತ ಹಾಕಿ ತಂದ ಪ್ರೊಪೊಸಿಷನ್ 13 ಅಂತ ಮನೆ ತೆರಿಗೆಯ ಕಾನೂನಿದೆ. ಕೊಂಡ ಬೆಲೆಯ ಮೇಲೆ ಶೇ. 1ರಷ್ಟು ಮೂಲ ತೆರಿಗೆ. ಪೇಟೆಯಲ್ಲಿ ಮನೆ ಬೆಲೆ ಎಷ್ಟೇ ಹಾರಲಿ, ತೆರಿಗೆ ಲೆಕ್ಕದ ಬೆಲೆ ವರ್ಷಕ್ಕೆ ಶೇ. 2ಕ್ಕಿಂತ ಜಾಸ್ತಿ ಏರುವಂತಿಲ್ಲ. ನಾವು 1998ರಲ್ಲಿ ಮೂರೂವರೆ ಲಕ್ಷ ಡಾಲರಿಗೆ ಕೊಂಡ ಮನೆ ಆ ಲೆಕ್ಕದಲ್ಲಿ ಈಗಲೂ ಸುಮಾರು 6 ಲಕ್ಷ. ಪಕ್ಕದ ಅಂಥದ್ದೇ ಮನೆಯನ್ನು ಚಿಕ್ಕ ವಯಸ್ಸಿನ ದಂಪತಿ 18 ಲಕ್ಷಕ್ಕೆ ಕೊಂಡಿದ್ದಾರೆ. ಅದೇ ಬೀದಿ, ಅದೇ ಶಾಲೆ, ನಮ್ಮ ಮೂರರಷ್ಟು ತೆರಿಗೆ. ಆ ಹುಡುಗಿ ಕಸದ ಡಬ್ಬಿ ಎಳೆಯುತ್ತಾ ನನ್ನ ನೋಡಿ ನಕ್ಕರೆ ಸಂಕಟವಾಗುತ್ತೆ.

ಮನೆ ಮಾರಿದರೆ ಈ ಹಳೇ ಲೆಕ್ಕ ಹೋಗುತ್ತೆ. 55 ವರ್ಷ ತುಂಬಿದವರು ಅದನ್ನು ಹೊಸ ಮನೆಗೆ ಒಯ್ಯಬಹುದಿತ್ತು. ಆದರೆ ಬೇರೆ ಕೌಂಟಿಗೆ, ಅಂದರೆ ನಮ್ಮ ಜಿಲ್ಲೆಯಂಥದ್ದಕ್ಕೆ, ಹೋಗುವುದಾದರೆ ಆ ಕೌಂಟಿ ಒಪ್ಪಬೇಕಿತ್ತು. ಫೋಲ್ಸಮ್ ಇರುವ ಸ್ಯಾಕ್ರಮೆಂಟೊ ಕೌಂಟಿ ಒಪ್ಪಿರಲಿಲ್ಲ. 2020ರಲ್ಲಿ ಪ್ರೊಪೊಸಿಷನ್ 19 ಗೆದ್ದಿತು. 2021ರ ಏಪ್ರಿಲ್ 1ರಿಂದ ರಾಜ್ಯದ ಯಾವ ಮೂಲೆಗಾದರೂ ಒಯ್ಯಬಹುದು, ಅದೂ ಮೂರು ಸಲದವರೆಗೆ. ಎರಡು ವರ್ಷದೊಳಗೆ ಬೇರೆ ಮನೆ ಕೊಂಡರಾಯಿತು. ಮಂಡಿ ನೋವಿನವರು ಮಹಡಿ ಮೆಟ್ಟಿಲಿಗೆ ಹೆದರಿಕೊಂಡೇ ಇರಬೇಕಾಗಿಲ್ಲ. ಒಳ್ಳೇ ಕಾನೂನು, ಅಲ್ವಾ?

ಮೊನ್ನೆ ರಾತ್ರಿ ಕೂತು ಲೆಕ್ಕ ಹಾಕಿದೆ. ಫೋಲ್ಸಮ್‌ನಲ್ಲಿ 8 ಲಕ್ಷದ ಒಂದು ಮನೆ. ಮಾಮೂಲಿಯಾದರೆ ವರ್ಷಕ್ಕೆ ಮೂಲ ತೆರಿಗೆ 8 ಸಾವಿರ, ಹಳೇ ಲೆಕ್ಕ ಒಯ್ದರೆ 6 ಸಾವಿರ. ಉಳಿಯುವುದು 2 ಸಾವಿರ ಡಾಲರ್. ಇಷ್ಟಕ್ಕಾಗಿ ನನ್ನ ಹೆಂಡತಿಯನ್ನು ಈ ಮನೆಯ ಮೆಟ್ಟಿಲು ಹತ್ತಿಸಿದೆನಾ?

ಇಲ್ಲ ಕಣೋ. ಮಗಳು ಒಂದು ಸಲವೂ 'ಇಲ್ಲೇ ಬಂದುಬಿಡಿ' ಅಂದಿಲ್ಲ. ನಾವೂ ಬಾಯಿಬಿಟ್ಟು ಕೇಳಿಲ್ಲ. ಕೇಳಿದಾಗ ಅವಳು ಒಂದು ಕ್ಷಣ ಸುಮ್ಮನಾಗಿಬಿಟ್ಟರೆ? ಆ ಒಂದು ಕ್ಷಣಕ್ಕೆ ಹೆದರಿ ಇಷ್ಟು ವರ್ಷ ತೆರಿಗೆ, ತೆರಿಗೆ ಅಂತ ಊರಿಗೆಲ್ಲ ಹೇಳಿದೆ. ನಾನೂ ಅಪ್ಪನಿಗೆ 'ಬನ್ನಿ' ಅಂದಿರಲಿಲ್ಲ. ಸಂಜೆ ನಿಮ್ಮನೆ ಜಗಲಿಗೆ ಬಂದು ಕೂರುತ್ತಿದ್ದರಲ್ಲ, ನನ್ನ ಬಗ್ಗೆ ಏನಾದರೂ ಅನ್ನುತ್ತಿದ್ದರಾ? ಬೇಡ, ಹೇಳಬೇಡ.

ಇಷ್ಟೆಲ್ಲ ಬರೆಯಬೇಕು ಅಂತ ಕೂತಿರಲಿಲ್ಲ. ಸಾಕು. ಡಿಸೆಂಬರ್‌ನಲ್ಲಿ ನೀನು ಬರುತ್ತೀಯಲ್ಲ, ಯಾವ ಮನೆಯಲ್ಲಿದ್ದರೂ ಹಿತ್ತಲಲ್ಲಿ ಚುರುಮುರಿ ಗ್ಯಾರಂಟಿ. ಆ ಹಸಿರು ಕೊಡೆ ಮರೆಯದೇ ತಾ. ಈ ಸಲ ಅದರೊಳಗೆ ನಿಂಬೆಹಣ್ಣು ಮಾತ್ರ ಬೇಡ.

ನಿನ್ನ,
ಮೂರನೇ ಬೆಂಚಿನವನು